ಉಗುರುಬೆಚ್ಚಗೆ ಅಂದರೆ ಎಷ್ಟು ಬಿಸಿ? ಬೆಚ್ಚಗೆ, ತಂಪು, ತಣ್ಣಗೆ: ಯಾವ ಮಾತು ಎಲ್ಲಿಗೆ

ಮೊಸರಿಗೆ ಹೆಪ್ಪು ಹಾಕುವುದರ ಬಗ್ಗೆ ಬರೆದರೂ, ಮಗುವಿನ ಸ್ನಾನದ ಬಗ್ಗೆ ಬರೆದರೂ ನೀವು ಕೇಳುವ ಪ್ರಶ್ನೆ ಒಂದೇ. "ಉಗುರುಬೆಚ್ಚಗೆ ಅಂತೀರಲ್ಲ, ಅದು ಎಷ್ಟು ಬಿಸಿ?" ಅದರ ಬೆನ್ನಿಗೇ ಉಳಿದವೂ ಬರುತ್ತವೆ. ಬೆಚ್ಚಗೆ ಬೇರೆ, ಉಗುರುಬೆಚ್ಚಗೆ ಬೇರೆಯಾ? ತಂಪು, ತಣ್ಣಗೆ ಎರಡೂ ಒಂದೇ ಅಲ್ವಾ? ಮಾತ್ರೆ ಡಬ್ಬಿ ಮೇಲೆ 'ತಂಪಾದ ಜಾಗದಲ್ಲಿ ಇಡಿ' ಅಂತಿದೆ, ಫ್ರಿಜ್‌ನಲ್ಲಿ ಇಡಬೇಕಾ?

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮೊದಲ ಮೂರು ಹಂತ ಮಾತಿನದ್ದು, ನಂತರದ ಮೂರು ಕೈಯದ್ದು, ಕೊನೆಯವು ಹವೆ, ಬರವಣಿಗೆ ಮತ್ತು ಲೇಬಲ್‌ಗೆ ಸೇರಿದ್ದು. ಬರೀ ಮೊಸರಿಗಾಗಿ ಬಂದಿದ್ದರೆ ನೇರವಾಗಿ 4ನೇ ಹಂತಕ್ಕೆ, ಅಲ್ಲಿಂದ 6ನೇ ಹಂತಕ್ಕೆ ಹೋಗಿ, ಬೇಜಾರಿಲ್ಲ.

ಏನೇನು ಬೇಕು

ನಿಮ್ಮ ಕೈ, ಒಂದು ಲೋಟ, ಸ್ವಲ್ಪ ಬಿಸಿನೀರು, ಸ್ವಲ್ಪ ತಣ್ಣೀರು. ಅಡುಗೆಗೆ ಬಳಸುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಹಾಲಿಗೋ ನೀರಿಗೋ ಅದ್ದಬೇಡಿ. ಹಳೆಯ ಪಾದರಸದ್ದಾದರೆ ಅದರ ಅಳತೆ ಸುಮಾರು 42 ಡಿಗ್ರಿಗೆ ಮುಗಿಯುತ್ತದೆ. ಅದಕ್ಕಿಂತ ಬಿಸಿಯಾದ ಹಾಲಿಗೆ ಇಳಿಸಿದರೆ ಗಾಜು ಒಡೆದು ಪಾದರಸ ಹಾಲಿನ ಪಾಲಾಗಬಹುದು, ಆ ಹಾಲು ಚೆಲ್ಲಿದರೂ ತೊಂದರೆ, ಇಟ್ಟುಕೊಂಡರೂ ತೊಂದರೆ.

ಇಲ್ಲಿ ಹೇಳುವ ಡಿಗ್ರಿಗಳೆಲ್ಲ ಸೆಲ್ಸಿಯಸ್.

ಹಂತ 1: ಯಾವುದರ ಬಗ್ಗೆ ಮಾತಾಡುತ್ತಿದ್ದೀರಿ ನೋಡಿಕೊಳ್ಳಿ

ಕನ್ನಡದಲ್ಲಿ ನೀರಿಗೆ ಒಂದು ಮಾತು, ಗಾಳಿಗೆ ಒಂದು ಮಾತು, ಹಾಸಿಗೆಗೆ ಒಂದು ಮಾತು. ನೀರು ಉಗುರುಬೆಚ್ಚಗಿರಬಹುದು, ಹಾಲು ಇರಬಹುದು, ಎಣ್ಣೆ ಇರಬಹುದು. ಹವೆ ಉಗುರುಬೆಚ್ಚಗಿದೆ ಅಂತ ಯಾರೂ ಹೇಳುವುದಿಲ್ಲ. ಬೆರಳು ಅದ್ದಿ ನೋಡಬಹುದಾದ ವಸ್ತುವಿಗಷ್ಟೇ ಆ ಮಾತು. ಕಂಬಳಿ ಬೆಚ್ಚಗಿರುತ್ತದೆ, ಆದರೆ ಬಿಸಿಯಾಗಿರುವುದಿಲ್ಲ. ಕಂಬಳಿ ಬಿಸಿಯಾಗಿದೆ ಅಂದರೆ ಅದನ್ನು ಈಗಷ್ಟೇ ಬಿಸಿಲಲ್ಲಿ ಒಣಗಿಸಿ ತಂದಿದ್ದೀರಿ ಅಂತ ಅರ್ಥ.

ಅನ್ನ ಸಾರಿಗೆ 'ಬಿಸಿ', 'ಆರಿದ', 'ತಣ್ಣಗಾದ' ಅನ್ನುವ ಮಾತುಗಳು ಸಾಕು. ಬಿಸಿ ಕಡಿಮೆಯಾಗಿ ಬಾಯಿಗೆ ಹಿತ ಅನಿಸಿದರೆ 'ಆರಿದೆ'. ಹಿತವೂ ಹೋಗಿ ರುಚಿ ಕೆಟ್ಟರೆ 'ತಣ್ಣಗಾಗಿದೆ'. ನೆಂಟರಿಗೆ ಬಡಿಸುವಾಗ ಈ ಎರಡರ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಹಂತ 2: ಯಾವುದರಿಂದ ನೆಮ್ಮದಿ ಸಿಗುತ್ತಿದೆ ಕೇಳಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. 'ಬೆಚ್ಚಗೆ' ಅನ್ನುವ ಮಾತಿನ ಹಿಂದೆ ಯಾವಾಗಲೂ ಒಂದು ಚಳಿ ಇರುತ್ತದೆ. 'ತಂಪು' ಅನ್ನುವ ಮಾತಿನ ಹಿಂದೆ ಒಂದು ಬಿಸಿಲು ಇರುತ್ತದೆ.

ಜುಲೈ ತಿಂಗಳು, ತೀರ್ಥಹಳ್ಳಿ ಕಡೆ ಮಳೆ ಬಿಡದೆ ಹೊಯ್ಯುತ್ತಿದೆ. ಅಡುಗೆಮನೆಯ ಒಲೆ ಹತ್ತಿರ ಕೂತರೆ 'ಬೆಚ್ಚಗಿದೆ' ಅನ್ನುತ್ತೀರಿ. ಅದೇ ಅಡುಗೆಮನೆ, ಅದೇ ಒಲೆ, ಮೇ ತಿಂಗಳ ರಾಯಚೂರಲ್ಲಿ ಇದ್ದರೆ 'ಅಬ್ಬಾ ಏನು ಕಾವು' ಅನ್ನುತ್ತೀರಿ. ಮೇ ತಿಂಗಳಲ್ಲಿ ನಮ್ಮ ಮನೆ ಬೆಚ್ಚಗಿದೆ ಅಂತ ಬರೆದರೆ ಓದಿದವರಿಗೆ ನಗು ಬರುತ್ತದೆ. ಹಾಗೆಯೇ ಏಪ್ರಿಲ್ ಮಧ್ಯಾಹ್ನ ಹೊಂಗೆ ಮರದ ಕೆಳಗೆ ತಂಪು. ಜುಲೈ ಮಳೆಯಲ್ಲಿ ಅದೇ ಮರದ ಕೆಳಗೆ ನಿಂತರೆ ಥಂಡಿ. ನೆರಳು ಬದಲಾಗಿಲ್ಲ. ನೀವು ಯಾವುದರಿಂದ ತಪ್ಪಿಸಿಕೊಂಡು ಬಂದಿರಿ ಅನ್ನುವುದು ಬದಲಾಗಿದೆ.

ಆದ್ದರಿಂದ 'ಬೆಚ್ಚಗೆ', 'ತಂಪು' ಎರಡೂ ಒಳ್ಳೆಯ ಮಾತುಗಳು. ಎರಡರಲ್ಲೂ ಒಂದು ಸಮಾಧಾನ ಸೇರಿರುತ್ತದೆ. 'ಬಿಸಿ', 'ತಣ್ಣಗೆ', 'ಚಳಿ' ಹಾಗಲ್ಲ. ಕಾಫಿ ಬಿಸಿಯಾಗಿದ್ದರೆ ಸಂತೋಷ, ಸೀಟು ಬಿಸಿಯಾಗಿದ್ದರೆ ಸಂಕಟ. ಇನ್ನು 'ಉಗುರುಬೆಚ್ಚಗೆ' ಅನ್ನುವುದರಲ್ಲಿ ಸುಖವೂ ಇಲ್ಲ, ದುಃಖವೂ ಇಲ್ಲ. ಅದು ಬರೀ ಒಂದು ಅಳತೆ. ಬೆರಳ ತುದಿಗೆ ತಾಗುವಷ್ಟು, ಸುಡದಷ್ಟು.

ಎಲ್ಲರೂ ಎಡವುವ ಜಾಗ: 'ತಂಪು' ಅನ್ನುವುದಕ್ಕೆ ಇನ್ನೊಂದು ಅರ್ಥವೂ ಇದೆ. ಅದು ಆಹಾರದ ಗುಣ. ಎಳನೀರು ಬಿಸಿಲಲ್ಲಿ ರಾಶಿ ಹಾಕಿದ್ದು, ಮುಟ್ಟಿದರೆ ಬೆಚ್ಚಗಿರುತ್ತದೆ, ಆದರೂ ಅದು 'ತಂಪು'. ಪರಂಗಿ ಹಣ್ಣನ್ನು ಈಗಷ್ಟೇ ಫ್ರಿಜ್‌ನಿಂದ ತೆಗೆದರೂ ಅದು 'ಉಷ್ಣ'. ಇಲ್ಲಿ ತಂಪು, ಉಷ್ಣ ಅನ್ನುವುದಕ್ಕೂ ಡಿಗ್ರಿಗೂ ಸಂಬಂಧವಿಲ್ಲ. ತಿಂದ ಮೇಲೆ ದೇಹಕ್ಕೆ ಏನಾಗುತ್ತದೆ ಅನ್ನುವ ನಂಬಿಕೆಗೆ ಸಂಬಂಧ. ಹಾಗಾಗಿ "ಮಗುವಿಗೆ ತಂಪು ಕೊಡಬೇಡಿ" ಅಂತ ಅಜ್ಜಿ ಹೇಳಿದರೆ ಐಸ್‌ಕ್ರೀಮ್ ಬೇಡ ಅಂತ ಮಾತ್ರ ಅಂದುಕೊಳ್ಳಬೇಡಿ, ಸೌತೆಕಾಯಿಯೂ ಆ ಪಟ್ಟಿಯಲ್ಲಿ ಇರಬಹುದು. ಯಾವ ಅರ್ಥದಲ್ಲಿ ಹೇಳಿದರು ಅಂತ ಒಂದು ಮಾತು ಕೇಳಿಬಿಡುವುದು ಒಳ್ಳೆಯದು. 'ಶೀತ' ಅನ್ನುವುದೂ ಹೀಗೇ. ಪುಸ್ತಕದಲ್ಲಿ ಅದು ಚಳಿ, ಮನೆಯಲ್ಲಿ ಅದು ನೆಗಡಿ.

'ತಣ್ಣಗೆ' ಅನ್ನುವುದು ಹಾಗೆ ನೋಡಿದರೆ ಬರೀ ಸ್ಪರ್ಶದ ಮಾತು, ಆದರೆ ಹರಸುವಾಗ ಅದಕ್ಕೂ ಸುಖ ಬರುತ್ತದೆ. "ನಿನ್ನ ಹೊಟ್ಟೆ ತಣ್ಣಗಿರಲಿ" ಅಂದರೆ ಯಾರೂ ಹೊಟ್ಟೆ ಮುಟ್ಟಿ ನೋಡುವುದಿಲ್ಲ. ಹಾಗೆಯೇ "ಸ್ವಲ್ಪ ಕೈ ಬೆಚ್ಚಗೆ ಮಾಡಬೇಕು" ಅಂದರೆ ಕಚೇರಿಯಲ್ಲಿ ಲಂಚ ಕೇಳುತ್ತಿದ್ದಾರೆ ಅಂತ, ಚಳಿ ಕಾಯಿಸುವ ಮಾತಲ್ಲ.

ಹಂತ 3: ಮಾತುಗಳನ್ನು ಸಾಲಾಗಿ ಜೋಡಿಸಿಕೊಳ್ಳಿ

ನಿಘಂಟಿನಲ್ಲಿ ಡಿಗ್ರಿ ಬರೆದಿರುವುದಿಲ್ಲ. ಕೆಳಗಿನದು ನೀರು, ಹಾಲಿನಂಥ ವಸ್ತುಗಳಿಗೆ ಕೆಲಸಕ್ಕೆ ಆಗುವ ಅಂದಾಜು. ಒಂದೆರಡು ಡಿಗ್ರಿ ಆಚೀಚೆ ಆದರೆ ಜಗಳ ಬೇಡ.

ತಣ್ಣಗೆ: ಸುಮಾರು 10ರಿಂದ 25. ಮಡಕೆ ನೀರು, ಬೆಳಗಿನ ಜಾವದ ಬಾವಿ ನೀರು.

ಸಾದಾ ಅಥವಾ ಮಾಮೂಲಿ: 25ರಿಂದ 32. ಬಿಸಿಯೂ ಮಾಡಿಲ್ಲ, ಫ್ರಿಜ್‌ನಲ್ಲೂ ಇಟ್ಟಿಲ್ಲ. ಪುಸ್ತಕಗಳಲ್ಲಿ ಇದನ್ನೇ 'ಕೊಠಡಿ ತಾಪ' ಅನ್ನುತ್ತಾರೆ.

ಆರಿದ: ಇದಕ್ಕೆ ಡಿಗ್ರಿಗಿಂತ ಚರಿತ್ರೆ ಮುಖ್ಯ. ಒಮ್ಮೆ ಬಿಸಿಯಾಗಿದ್ದು ಈಗ ಇಳಿದಿದೆ. 'ಕಾಯಿಸಿ ಆರಿಸಿದ ನೀರು' ಅಂತ ಡಾಕ್ಟರು ಹೇಳಿದರೆ ಸಾದಾ ನೀರು ನಡೆಯುವುದಿಲ್ಲ, ಮುಟ್ಟಿದರೆ ಎರಡೂ ಒಂದೇ ಥರ ಇದ್ದರೂ. ಕುದಿಸಿದ್ದು ಕ್ರಿಮಿ ಸಾಯಲಿ ಅಂತ. ಓಆರ್‌ಎಸ್ ಪುಡಿ ಕಲಸುವಾಗ ಇದನ್ನು ಮರೆಯಬೇಡಿ.

ಉಗುರುಬೆಚ್ಚಗೆ: 37ರಿಂದ 42.

ಬೆಚ್ಚಗೆ: 38ರಿಂದ 48ರವರೆಗೂ ಎಳೆಯಬಹುದು. ಸ್ನಾನದ ನೀರಿಗೆ ಒಬ್ಬೊಬ್ಬರ ಬೆಚ್ಚಗೆ ಒಂದೊಂದು.

ಹದಬಿಸಿ, ಕುಡಿಯುವಷ್ಟು ಬಿಸಿ: 50ರಿಂದ 60. ಕಾಫಿಯನ್ನು ಸೊರ್ ಎಂದು ಹೀರಬಹುದಾದ ಹೊತ್ತು.

ಅದರ ಮೇಲಿನದ್ದೆಲ್ಲ ಬಿಸಿ, ಸುಡುಬಿಸಿ, ಕುದಿ. ಅವು ಈ ಲೇಖನದ ಪಾಲಿಗೆ ಬರುವುದಿಲ್ಲ.

ಎರಡು ಪುಸ್ತಕದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಯುರ್ವೇದದ ಚೀಟಿಗಳಲ್ಲಿ 'ಸುಖೋಷ್ಣ ಜಲ', 'ಕೋಷ್ಣ ಜಲ' ಅಂತ ಬರೆದಿರುತ್ತಾರೆ. ಹೆದರಬೇಡಿ, ಎರಡೂ ಹೆಚ್ಚುಕಡಿಮೆ ಉಗುರುಬೆಚ್ಚಗಿನ ನೀರೇ. 'ಸಮಶೀತೋಷ್ಣ' ಅನ್ನುವುದು ಮಾತ್ರ ನೀರಿಗಲ್ಲ, ಭೂಗೋಳಕ್ಕೆ. ಶಾಲೆಯ ಪಾಠದಲ್ಲಿ ಬರುವ ಸಮಶೀತೋಷ್ಣ ವಲಯ ಅಂದರೆ ಭೂಮಿಯ ಮೇಲೆ ಸುಮಾರು 23.5ರಿಂದ 66.5 ಡಿಗ್ರಿ ಅಕ್ಷಾಂಶದ ನಡುವಿನ ಭಾಗ. ಕರ್ನಾಟಕ ಅದರಲ್ಲಿ ಇಲ್ಲ, ನಾವು ಉಷ್ಣವಲಯದವರು.

ಹಂತ 4: ಬೆರಳಿನ ಪರೀಕ್ಷೆ ಕಲಿಯಿರಿ

ನಮ್ಮ ಕೈಯ ಚರ್ಮ ಸಾಮಾನ್ಯವಾಗಿ 32ರಿಂದ 34 ಡಿಗ್ರಿ ಇರುತ್ತದೆ, ದೇಹದ ಒಳಗಿನ 37 ಅಲ್ಲ. ಅಷ್ಟೇ ಡಿಗ್ರಿಯ ನೀರಿಗೆ ಬೆರಳು ಇಟ್ಟರೆ ಬಿಸಿಯೂ ಅನಿಸುವುದಿಲ್ಲ, ತಣ್ಣಗೂ ಅನಿಸುವುದಿಲ್ಲ. 37 ದಾಟಿದಾಗ 'ಹಾಂ, ಸ್ವಲ್ಪ ಬಿಸಿ ಇದೆ' ಅನಿಸಲು ಶುರು. 42ರವರೆಗೆ ಬೆರಳನ್ನು ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದು. 45ರ ಹತ್ತಿರ ಚುರುಕು ಮುಟ್ಟುತ್ತದೆ. 50ಕ್ಕೆ ಕೈ ತಾನಾಗಿಯೇ ಆಚೆ ಬರುತ್ತದೆ.

ಹೀಗೆ ಮಾಡಿ. ಹಾಲನ್ನು ಒಮ್ಮೆ ಚಮಚದಿಂದ ತಿರುಗಿಸಿ. ತೊಳೆದು ಒರೆಸಿದ ಕಿರುಬೆರಳನ್ನು ಮೊದಲ ಗೆಣ್ಣಿನವರೆಗೆ ಅದ್ದಿ, ನಿಧಾನವಾಗಿ ಹತ್ತು ಎಣಿಸಿ. ಬಿಸಿ ಗೊತ್ತಾಗುತ್ತಿದೆ, ಆದರೆ ಬೆರಳು ತೆಗೆಯಬೇಕು ಅನಿಸಲಿಲ್ಲ ಅಂದರೆ ಅದು ಉಗುರುಬೆಚ್ಚಗೆ. ನಾಲ್ಕೈದಕ್ಕೇ ತೆಗೆದುಬಿಟ್ಟಿರಾ? ಇನ್ನೂ ಬಿಸಿ ಇದೆ, ಕಾಯಿರಿ. ಹತ್ತಾದರೂ ಏನೂ ಗೊತ್ತಾಗಲಿಲ್ಲವಾ? ಹಾಲು ಆರಿಹೋಗಿದೆ, ಮತ್ತೆ ಸ್ವಲ್ಪ ಕಾಯಿಸಬೇಕು.

ಥರ್ಮಾಮೀಟರ್ ಇದ್ದವರು ಒಂದು ಸಲ 40 ಡಿಗ್ರಿ ನೀರು ಮಾಡಿಕೊಂಡು ಅದರಲ್ಲಿ ಬೆರಳಿಟ್ಟು ನೋಡಿ. ಆಮೇಲೆ ಥರ್ಮಾಮೀಟರ್ ಪೆಟ್ಟಿಗೆಗೆ ಹಾಕಿಡಬಹುದು, ಬೆರಳಿಗೆ ನೆನಪಿರುತ್ತದೆ.

ಕೈ ಯಾವಾಗ ಸುಳ್ಳು ಹೇಳುತ್ತದೆ? ಡಿಸೆಂಬರ್ ಬೆಳಿಗ್ಗೆ ತಣ್ಣೀರಲ್ಲಿ ಪಾತ್ರೆ ತೊಳೆದು ತಕ್ಷಣ ಹಾಲು ಮುಟ್ಟಿದರೆ ಸಾದಾ ಹಾಲೂ ಬೆಚ್ಚಗೆ ಅನಿಸುತ್ತದೆ. ರೊಟ್ಟಿ ಬೇಯಿಸಿ ಬಂದ ಕೈಯಿಂದ ಮುಟ್ಟಿದರೆ ಉಗುರುಬೆಚ್ಚಗಿನ ಹಾಲೂ ತಣ್ಣಗೆ ಅನಿಸುತ್ತದೆ. ನಂಬಿಕೆ ಬರದಿದ್ದರೆ ಮೂರು ಬಟ್ಟಲಲ್ಲಿ ಬಿಸಿ, ಸಾದಾ, ತಣ್ಣನೆಯ ನೀರು ಇಟ್ಟು, ಒಂದು ಕೈ ಬಿಸಿಯಲ್ಲಿ ಒಂದು ಕೈ ತಣ್ಣಗಿನದರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಸಾದಾ ನೀರಿಗೆ ತನ್ನಿ. ಒಂದು ಕೈ ತಣ್ಣಗಿದೆ ಅನ್ನುತ್ತದೆ, ಇನ್ನೊಂದು ಬಿಸಿ ಅನ್ನುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ. ಹಾಗಾಗಿ ಪರೀಕ್ಷೆಗೆ ಮೊದಲು ಕೈ ಒರೆಸಿ ಒಂದೆರಡು ನಿಮಿಷ ಸುಮ್ನೆ ಬಿಡಿ. ಅಡುಗೆ ಮಾಡಿ ಮಾಡಿ ಬೆರಳು ಗಟ್ಟಿಯಾಗಿರುವವರು ಬೆರಳು ಬಿಟ್ಟು ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಹಾಕಿಕೊಂಡು ನೋಡಿ.

ಪಾತ್ರೆಯ ಹೊರಗೆ ಮುಟ್ಟಿ ನೋಡುವುದು ಕೆಲಸಕ್ಕೆ ಬಾರದು. ಸ್ಟೀಲ್ ಪಾತ್ರೆ ಒಳಗಿನ ಬಿಸಿಯನ್ನು ಬೇಗ ಕೈಗೆ ಕೊಡುತ್ತದೆ, ಪ್ಲಾಸ್ಟಿಕ್ ಮುಚ್ಚಿಡುತ್ತದೆ. ಹಾಲಿನ ಮೇಲೆ ಕೆನೆ ಕಟ್ಟಿದ್ದರೆ ಕೆನೆಯನ್ನು ಮುಟ್ಟಿ ತೀರ್ಮಾನಕ್ಕೆ ಬರಬೇಡಿ, ಅದರ ಕೆಳಗಿನ ಹಾಲು ಇನ್ನೂ ಸುಡುತ್ತಿರಬಹುದು.

ಮುಖ್ಯವಾದ ಎಚ್ಚರಿಕೆ: ಸಕ್ಕರೆ ಕಾಯಿಲೆ ತುಂಬಾ ವರ್ಷದಿಂದ ಇರುವವರ ಕಾಲಿಗೆ ಸ್ಪರ್ಶ ಕಡಿಮೆಯಾಗಿರಬಹುದು. ಅವರು ಕಾಲು ಅದ್ದುವ ನೀರನ್ನು, ಶಾಖ ಕೊಡುವ ಚೀಲವನ್ನು ಬೇರೆಯವರು ಕೈಯಿಂದ ನೋಡಿಯೇ ಕೊಡಬೇಕು. ಶಾಖ ಕೊಡುವುದು ಅಂದರೆ ನೋವಿರುವ ಜಾಗಕ್ಕೆ ಬಿಸಿ ಬಟ್ಟೆ ಅಥವಾ ಬಿಸಿನೀರಿನ ಚೀಲ ಒತ್ತುವುದು. ಅವರಿಗೆ 'ಬೆಚ್ಚಗಿದೆ' ಅನಿಸುವಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ.

ಹಂತ 5: ನೀರು ಬೆರೆಸುವ ಲೆಕ್ಕ

ಒಲೆ ಮೇಲಿಟ್ಟು ಉಗುರುಬೆಚ್ಚಗೆ ಮಾಡಲು ಹೋದರೆ ಒಂದೋ ಕಮ್ಮಿ, ಇಲ್ಲ ಜಾಸ್ತಿ. ಕುದಿಯುವ ನೀರಿಗೆ ಸಾದಾ ನೀರು ಬೆರೆಸುವುದೇ ಸುಲಭ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಒಂದು ಲೋಟ ಕುದಿಯುವ ನೀರಿಗೆ 25 ಡಿಗ್ರಿಯ ಮೂರು ಲೋಟ ನೀರು ಬೆರೆಸಿದರೆ ಲೆಕ್ಕದ ಪ್ರಕಾರ 43. ಪಾತ್ರೆ ಹೀರಿಕೊಳ್ಳುವುದು, ಗಾಳಿಗೆ ಹೋಗುವುದು ಕಳೆದರೆ 40ರ ಆಸುಪಾಸು. ಮಂಗಳೂರಲ್ಲಿ ನೀರು 100ಕ್ಕೆ ಕುದಿಯುತ್ತದೆ, ನಲ್ಲಿ ನೀರೂ 28ರಷ್ಟು ಇರುತ್ತದೆ, ಹಾಗಾಗಿ ಅಲ್ಲಿ ಒಂದಕ್ಕೆ ನಾಲ್ಕು. ಡಿಸೆಂಬರ್‌ನಲ್ಲಿ ಟ್ಯಾಂಕಿನ ನೀರು 20ಕ್ಕೆ ಇಳಿದಿದ್ದರೆ ಒಂದಕ್ಕೆ ಮೂರು ಹಾಕಿ, ಬೆರಳಿಟ್ಟು ನೋಡಿ, ಬೇಕಾದರೆ ಇನ್ನೊಂದು ಸ್ವಲ್ಪ ಬಿಸಿನೀರು ಸೇರಿಸಿ.

ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ನಿಯಮವಾಗಿ ಮಾಡಿಕೊಳ್ಳಿ. ಬರೀ ಬಿಸಿನೀರು ತುಂಬಿದ ಬಕೆಟ್ ಬಚ್ಚಲಲ್ಲಿಟ್ಟು ತಣ್ಣೀರಿನ ನಲ್ಲಿ ತಿರುಗಿಸಲು ಹೋಗುವ ಅಷ್ಟು ಹೊತ್ತಿನಲ್ಲೇ ಮಗು ಕೈ ಹಾಕಿರುತ್ತದೆ. ಗೀಸರ್ ನೀರು 60 ಡಿಗ್ರಿ ಇದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ಹಂತ 6: ಕೆಲಸಕ್ಕೆ ತಕ್ಕಂತೆ ಹದ

ಮೊಸರು. ನಿಮ್ಮ ಪ್ರಶ್ನೆಗಳಲ್ಲಿ ಅರ್ಧ ಇದರದ್ದೇ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ 40ರಿಂದ 43 ಡಿಗ್ರಿ ಬಹಳ ಇಷ್ಟ. 50 ದಾಟಿದ ಹಾಲಿಗೆ ಹೆಪ್ಪು ಹಾಕಿದರೆ ಅವು ಸಾಯತೊಡಗುತ್ತವೆ, ಬೆಳಿಗ್ಗೆ ಎದ್ದು ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ ಅಥವಾ ಒಡೆದು ನೀರು ಬಿಟ್ಟಿರುತ್ತದೆ. ತೀರಾ ಆರಿದ ಹಾಲಿಗೆ ಹಾಕಿದರೆ ಸಾಯುವುದಿಲ್ಲ, ಆದರೆ ಕೆಲಸ ನಿಧಾನ. ಬೇಸಿಗೆಯಲ್ಲಿ ಇದು ತೊಂದರೆಯೇ ಅಲ್ಲ, ಸಾದಾ ಹಾಲಿಗೆ ಹಾಕಿದರೂ ಐದಾರು ಗಂಟೆಯಲ್ಲಿ ಮೊಸರು ಸಿದ್ಧ. ಚಳಿಗಾಲದಲ್ಲೇ ಎಲ್ಲರೂ ಕೇಳುವುದು.

ಚಳಿಗಾಲಕ್ಕೆ ಹೀಗೆ ಮಾಡಿ. ಹಾಲನ್ನು ಕಾಸಿ, ಉಗುರುಬೆಚ್ಚಗಿನ ಮೇಲಿನ ತುದಿಗೆ, ಅಂದರೆ ಬೆರಳಿಗೆ ಚುರುಕು ಮುಟ್ಟುವುದಕ್ಕೆ ಸ್ವಲ್ಪ ಮೊದಲಿಗೆ ಇಳಿಸಿ. ಅರ್ಧ ಲೀಟರಿಗೆ ಬೇಸಿಗೆಯಲ್ಲಿ ಒಂದು ಚಮಚ ಹೆಪ್ಪು ಹಾಕುತ್ತಿದ್ದರೆ ಈಗ ಎರಡು. ಹೆಪ್ಪು ಫ್ರಿಜ್‌ನಿಂದ ನೇರವಾಗಿ ಬೇಡ, ಮೊದಲೇ ಹೊರಗೆ ತೆಗೆದಿಡಿ. ಬೆರೆಸಿ, ಮುಚ್ಚಿ, ಟವೆಲ್ ಸುತ್ತಿ ಅಕ್ಕಿ ಡಬ್ಬಿಯ ಒಳಗೋ ಆಗಷ್ಟೇ ಅಡುಗೆ ಮುಗಿದ ಒಲೆ ಪಕ್ಕದಲ್ಲೋ ಇಡಿ. ಟವೆಲ್ ಬಿಸಿ ಮಾಡುವುದಿಲ್ಲ, ಇರುವ ಬಿಸಿಯನ್ನು ಹೋಗಲು ಬಿಡುವುದಿಲ್ಲ ಅಷ್ಟೇ, ಆದ್ದರಿಂದ ತಣ್ಣನೆಯ ಹಾಲಿಗೆ ಟವೆಲ್ ಸುತ್ತಿ ಪ್ರಯೋಜನವಿಲ್ಲ. ಚಿಕ್ಕ ಬಟ್ಟಲಿಗಿಂತ ದೊಡ್ಡ ಪಾತ್ರೆ ಬಿಸಿಯನ್ನು ಜಾಸ್ತಿ ಹೊತ್ತು ಹಿಡಿದಿಡುತ್ತದೆ. ಗಟ್ಟಿಯಾಗುವವರೆಗೆ ಅಲ್ಲಾಡಿಸಬೇಡಿ. 'ಆಯ್ತಾ ನೋಡೋಣ' ಅಂತ ಪದೇಪದೇ ತೆಗೆಯುವವರ ಮನೆ ಮೊಸರು ಬೇಗ ಆಗುವುದಿಲ್ಲ.

ಇಡ್ಲಿ, ದೋಸೆ ಹಿಟ್ಟು. ಇದಕ್ಕೆ ಮೊಸರಿನಷ್ಟು ಬಿಸಿ ಬೇಡ. 28ರಿಂದ 32 ಸಾಕು. 'ಹಿಟ್ಟನ್ನು ಬೆಚ್ಚಗಿನ ಜಾಗದಲ್ಲಿ ಇಡಿ' ಅಂದರೆ ಹಿಟ್ಟನ್ನು ಬಿಸಿ ಮಾಡಿ ಅಂತಲ್ಲ. ಗಾಳಿಯಾಡದ ಮೂಲೆ, ಮುಚ್ಚಿದ ಓವನ್ನಿನೊಳಗೆ ಬರೀ ದೀಪ ಹಾಕಿ ಇಡುವುದು, ಇಷ್ಟು. ಬೇಸಿಗೆಯಲ್ಲಿ ಉಲ್ಟಾ ತೊಂದರೆ. ಮಿಕ್ಸಿ ತಿರುಗಿದಾಗಲೇ ಹಿಟ್ಟು ಬಿಸಿಯಾಗುತ್ತದೆ, ಹಾಗಾಗಿ ಆಗ ತಣ್ಣೀರು ಹಾಕಿ ರುಬ್ಬಿ.

ಯೀಸ್ಟ್. ಬ್ರೆಡ್ಡಿಗೆ ಹಾಕುವ ಒಣ ಯೀಸ್ಟಿಗೆ 38ರಿಂದ 43. ನೀರು 60ರ ಹತ್ತಿರ ಹೋದರೆ ಯೀಸ್ಟ್ ಸತ್ತಂತೆ. ಹತ್ತು ನಿಮಿಷದಲ್ಲಿ ನೊರೆ ಬರದಿದ್ದರೆ ಹಿಟ್ಟು ಹಾಳು ಮಾಡಿಕೊಳ್ಳಬೇಡಿ, ನೀರು ಯೀಸ್ಟ್ ಎರಡನ್ನೂ ಚೆಲ್ಲಿ ಮತ್ತೆ ಶುರು ಮಾಡಿ.

ರೊಟ್ಟಿ. ಚಪಾತಿ ಹಿಟ್ಟಿಗೆ ಉಗುರುಬೆಚ್ಚಗಿನ ನೀರು ಚೆನ್ನಾಗಿರುತ್ತದೆ. ಅದನ್ನೇ ಜೋಳದ ರೊಟ್ಟಿಗೆ ಹಚ್ಚಬೇಡಿ. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ, ಎಸರು ಹಾಕಿಯೇ ನಾದಬೇಕು. ಎಸರು ಅಂದರೆ ಕುದಿಯುವ ನೀರು. ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತಿದ್ದರೆ ಮೊದಲ ಅನುಮಾನ ನೀರಿನ ಬಿಸಿಯ ಮೇಲೆ ಇರಲಿ.

ಆರಿದ ಮೇಲೆ ಹಾಕಬೇಕಾದವು. ಬೆಲ್ಲದ ಪಾಯಸಕ್ಕೆ ಹಾಲು, ಚಿತ್ರಾನ್ನಕ್ಕೆ ನಿಂಬೆರಸ, ಅನ್ನಕ್ಕೆ ಮೊಸರು. ಬಿಸಿ ಇಳಿಯದೆ ಹಾಕಿದರೆ ಹಾಲು ಒಡೆಯುತ್ತದೆ, ನಿಂಬೆ ಕಹಿಯಾಗುತ್ತದೆ, ಮೊಸರನ್ನ ಬೇಗ ಹುಳಿ ಬರುತ್ತದೆ. ತಂಬುಳಿಗೂ ಅಷ್ಟೇ, ಮಜ್ಜಿಗೆ ಬೆರೆಸಿದ ಮೇಲೆ ಒಲೆ ತೋರಿಸಬೇಡಿ. ಹೆಸರಲ್ಲೇ ತಣ್ಣನೆಯ ಹುಳಿ ಅಂತಿದೆ.

ಮಗುವಿನ ಸ್ನಾನ. 37ರಿಂದ 38. ಮೊಣಕೈ ಅದ್ದಿ ನೋಡಿ, ಹಿತವಾಗಿ ಬೆಚ್ಚಗೆ ಅನಿಸಬೇಕು, ಬಿಸಿ ಅನಿಸಬಾರದು. ಬಾಣಂತಿಗೆ ಹಾಕುವ ಹಂಡೆ ನೀರು ಎಷ್ಟು ಬಿಸಿ ಇರುತ್ತದೆ ಗೊತ್ತಲ್ಲ, ಅದೇ ನೀರನ್ನು ಸ್ವಲ್ಪ ಬೆರೆಸಿ ಮಗುವಿಗೂ ಸುರಿಯುವ ರೂಢಿ ಬೇಡ. ಹಿರಿಯರು ನೀರು ಹಾಕುತ್ತಿದ್ದರೂ ಒಮ್ಮೆ ನೀವೇ ಕೈ ಇಟ್ಟು ನೋಡಿ, ಬೈದರೆ ಬೈಸಿಕೊಳ್ಳಿ. ಮಗು ನೀರಲ್ಲಿರುವಾಗ ಬಿಸಿನೀರು ಸೇರಿಸಬಾರದು.

ಪುಡಿ ಹಾಲು. ಇಲ್ಲಿ ಎರಡು ಬಿಸಿ ಇವೆ, ಎರಡನ್ನೂ ಒಂದು ಮಾಡಿಕೊಳ್ಳುವವರು ಜಾಸ್ತಿ. ಪುಡಿ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಪುಡಿಯಲ್ಲಿ ಇರಬಹುದಾದ ಕ್ರಿಮಿ ಸಾಯಲಿ ಅಂತ. ಕುಡಿಸುವಾಗ ಮಾತ್ರ ಉಗುರುಬೆಚ್ಚಗೆ. ಮಣಿಕಟ್ಟಿಗೆ ಹನಿ ಹಾಕಿ ನೋಡಿ. ಬಾಟಲಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, ಒಂದು ಕಡೆ ತಣ್ಣಗೆ ಒಂದು ಕಡೆ ಸುಡುಬಿಸಿ ಆಗುತ್ತದೆ.

ಎಣ್ಣೆ. ತಲೆಗೆ ಹಚ್ಚುವ ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಿ, ನೇರ ಒಲೆಗೆ ಬೇಡ. ಎಣ್ಣೆ ಕುದಿಯದೆಯೇ ಸುಡುವಷ್ಟು ಬಿಸಿಯಾಗಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ.

ಒಂದು ಕಡೆ ಮಾತ್ರ 'ಬೆಚ್ಚಗೆ' ಕೆಟ್ಟದ್ದು. ಉಳಿದ ಅನ್ನ, ಸಾರನ್ನು ಗಂಟೆಗಟ್ಟಲೆ ಬೆಚ್ಚಗೆ ಇಡುವುದು. 5ರಿಂದ 60 ಡಿಗ್ರಿ ನಡುವೆ ಕ್ರಿಮಿಗಳು ಚೆನ್ನಾಗಿ ಬೆಳೆಯುತ್ತವೆ, ಮೊಸರಿಗೆ ಒಳ್ಳೆಯದಾದ ಬಿಸಿ ಅವಕ್ಕೂ ಒಳ್ಳೆಯದೇ. ಒಂದೋ 60ರ ಮೇಲೆ ಬಿಸಿಯಾಗಿಡಿ, ಇಲ್ಲ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಹಂತ 7: ಹವೆಯ ಮಾತು

ಹವೆಗೆ ಬಂದರೆ ಡಿಗ್ರಿ ಅಷ್ಟಾಗಿ ಸಹಾಯ ಮಾಡುವುದಿಲ್ಲ. ಬೆಳಿಗ್ಗೆ 18 ಡಿಗ್ರಿ ಇದ್ದರೆ ಮಡಿಕೇರಿಯವರು ಏನೂ ಅನ್ನುವುದಿಲ್ಲ, ಮಂಗಳೂರಿನವರು ಚಳಿ ಅಂತ ಹೊದಿಕೆ ಎಳೆಯುತ್ತಾರೆ. ಕೇಳುವವರು ಯಾವ ಊರಿನವರು ನೋಡಿ ಮಾತು ಆರಿಸಿ.

ತೆಳುವಾದ, ಖುಷಿ ಕೊಡುವ ಚಳಿಗೆ 'ಚುಮುಚುಮು ಚಳಿ'. ಬೆಳಗಿನ ಹಿತವಾದ ಬಿಸಿಲಿಗೆ 'ಎಳೆಬಿಸಿಲು', 'ಹೂಬಿಸಿಲು'. ಬಿಸಿಲೇರುವ ಮುಂಚಿನ ಅಥವಾ ಇಳಿದ ನಂತರದ ವೇಳೆಗೆ 'ತಂಪುಹೊತ್ತು', ಪ್ರಯಾಣ ಹೊರಡುವವರಿಗೆ ಬಹಳ ಬೇಕಾದ ಮಾತು. ಬೆವರು ಒಣಗದ ಬಿಸಿಗೆ 'ಸೆಕೆ', ಕರಾವಳಿಯಲ್ಲಿ ಇದಿಲ್ಲದೆ ಮಾತೇ ಇಲ್ಲ. ಗಾಳಿಯಲ್ಲಿ ನೀರಿನಂಶ ಜಾಸ್ತಿ ಇರುವುದರಿಂದ ಉಡುಪಿಯ 33 ಡಿಗ್ರಿ ಕಲಬುರಗಿಯ 38ರಷ್ಟೇ ಕಾಡಬಹುದು, ಆದರೆ ಕಲಬುರಗಿಯದ್ದು 'ಝಳ', 'ಕಾವು', 'ಧಗೆ'. ಉತ್ತರ ಕರ್ನಾಟಕದಲ್ಲಿ ಚಳಿಗೆ 'ಥಂಡಿ' ಅನ್ನುವುದೇ ಜಾಸ್ತಿ.

ಸುದ್ದಿ ಬರೆಯುವವರಿಗೆ ಒಂದು ಮಾತು. ಬೆಂಗಳೂರಲ್ಲಿ ಬೆಳಿಗ್ಗೆ 14 ಡಿಗ್ರಿ ಆದ ಕೂಡಲೇ 'ಶೀತಗಾಳಿ' ಅಂತ ತಲೆಬರಹ ಕೊಡಬೇಡಿ. ಅದು ಹವಾಮಾನ ಇಲಾಖೆಯ ಲೆಕ್ಕದ ಪದ. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಸಾಮಾನ್ಯವಾಗಿ ಹಾಗನ್ನುತ್ತಾರೆ. 'ಬಿಸಿಗಾಳಿ'ಗೂ ಅಂಥದೇ ಗೆರೆ ಇದೆ, ಗರಿಷ್ಠ ತಾಪಮಾನ ಬಯಲಲ್ಲಿ 40, ಕರಾವಳಿಯಲ್ಲಿ 37 ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಏರಿರಬೇಕು. ಅಷ್ಟಿಲ್ಲದಿದ್ದರೆ 'ಚಳಿ ಜಾಸ್ತಿಯಾಗಿದೆ', 'ಬಿಸಿಲು ಜೋರು' ಅಂದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

ಹಂತ 8: ಬರೆಯುವಾಗ

'ಉಗುರುಬೆಚ್ಚಗೆ ನೀರು' ಅಂತ ಬರೆಯಬೇಡಿ. ನೀರು ಉಗುರುಬೆಚ್ಚಗೆ ಇದೆ, ಆದರೆ ಅದು ಉಗುರುಬೆಚ್ಚಗಿನ ನೀರು. ನಾಮಪದಕ್ಕಿಂತ ಮೊದಲು ಬಂದಾಗ 'ಬೆಚ್ಚಗಿನ', 'ಬೆಚ್ಚನೆಯ', 'ತಣ್ಣನೆಯ', 'ತಂಪಾದ'. ಕ್ರಿಯೆಯ ಜೊತೆಗೆ 'ಬೆಚ್ಚಗೆ', 'ತಣ್ಣಗೆ'. ಉಗುರು, ಬೆಚ್ಚಗೆ ಎರಡನ್ನೂ ಸೇರಿಸಿ ಒಂದೇ ಪದವಾಗಿ ಬರೆಯಿರಿ, ಬಿಡಿಸಿ ಬರೆದರೆ ಉಗುರು ಬೆಚ್ಚಗಾದ ಹಾಗೆ ಕಾಣುತ್ತದೆ.

'ತಾಪಮಾನ ಬಿಸಿಯಾಗಿದೆ' ಅನ್ನುವುದು ಈಗ ಎಲ್ಲ ಕಡೆ ಕಾಣುತ್ತದೆ. ತಾಪಮಾನ ಏರುತ್ತದೆ, ಇಳಿಯುತ್ತದೆ. ಬಿಸಿಯಾಗುವುದು ನೀರು, ನೆಲ, ಗಾಳಿ. 'ಬೆಚ್ಚಗಿನ ಸ್ವಾಗತ', 'ಬೆಚ್ಚಗಿನ ಶುಭಾಶಯ' ಅನ್ನುವುದೂ ಬೇಡ. ನಮ್ಮಲ್ಲಿ ಸ್ವಾಗತ ಆತ್ಮೀಯವಾಗಿರುತ್ತದೆ, ಶುಭಾಶಯ ಹಾರ್ದಿಕವಾಗಿರುತ್ತದೆ. ಹವೆಯನ್ನು 'ಸೌಮ್ಯ' ಅನ್ನುವ ಬದಲು 'ಹಿತವಾಗಿದೆ' ಅನ್ನಿ, ಸೌಮ್ಯ ಅನ್ನುವುದು ಮನುಷ್ಯರ ಸ್ವಭಾವಕ್ಕೆ ಹೊಂದುವ ಮಾತು.

ಅಡುಗೆ ವಿಧಾನ ಬರೆಯುವವರು ಮೊದಲ ಸಲ 'ಉಗುರುಬೆಚ್ಚಗೆ' ಅಂದಾಗ ಪಕ್ಕದಲ್ಲೇ 'ಬೆರಳು ಹತ್ತು ಎಣಿಸುವವರೆಗೆ ತಡೆಯುವಷ್ಟು' ಅಂತ ಸೇರಿಸಿದರೆ ಅರ್ಧ ಪ್ರಶ್ನೆಗಳು ಬರುವುದೇ ಇಲ್ಲ.

ಹಂತ 9: ಲೇಬಲ್ ಓದುವುದು

ಔಷಧಿಯ ಮೇಲಿನ 'ತಂಪಾದ, ಒಣ ಜಾಗದಲ್ಲಿ ಇಡಿ' ಅನ್ನುವುದಕ್ಕೆ ಫ್ರಿಜ್ ಅಂತ ಅರ್ಥವಲ್ಲ. ಅಲ್ಲೇ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 25 ಅಥವಾ 30 ಡಿಗ್ರಿಗಿಂತ ಕೆಳಗೆ ಅಂತ ಇರುತ್ತದೆ, ಅದನ್ನು ಓದಿ. ಬಿಸಿಲು ಬೀಳದ, ಒಲೆಯಿಂದ ದೂರದ ಕಪಾಟು ಸಾಕು. ಬಚ್ಚಲ ಕಪಾಟು ಬೇಡ, ಅಲ್ಲಿ ಹಬೆ. ಕಾರಿನೊಳಗೆ ಅಂತೂ ಬೇಡವೇ ಬೇಡ. ಮಾತ್ರೆಗಳನ್ನು ಸುಮ್ನೆ ಫ್ರಿಜ್‌ಗೆ ತುಂಬಿದರೆ ತೆಗೆದಾಗಲೆಲ್ಲ ತೇವ ಕೂರುತ್ತದೆ.

2ರಿಂದ 8 ಡಿಗ್ರಿ ಅಂತ ಸಂಖ್ಯೆಯೇ ಬರೆದಿದ್ದರೆ ಆಗ ಫ್ರಿಜ್. ತೆರೆಯದ ಇನ್ಸುಲಿನ್ ಹೀಗೆ ಇಡಬೇಕಾದದ್ದು. ಬಾಗಿಲ ಕಡೆ ಇಡಬೇಡಿ, ತೆರೆದು ಮುಚ್ಚಿ ಅಲ್ಲಿ ಬಿಸಿ ಏರಿಳಿಯುತ್ತದೆ. ಫ್ರೀಜರ್ ಪೆಟ್ಟಿಗೆಗೆ ತಾಗಿಸಿಯೂ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿದ್ದರೂ ಬಳಸುವಂತಿಲ್ಲ, ಎಸೆಯಬೇಕು.